ಸೊಟ್ಟ ಮೂಗು ನೆಟ್ಟಗೆ ಮಾಡಿಸ್ಲಾ ಬೇಡ್ವಾ

ನನ್ನ ಮೂಗು ಸೊಟ್ಟ. ಹುಬ್ಬಿನ ಹತ್ರ ಸರಿಯಾಗೇ ಶುರುವಾಗುತ್ತೆ, ಅರ್ಧಕ್ಕೆ ಬಂದಾಗ ಎಡಕ್ಕೆ ವಾಲುತ್ತೆ, ತುದಿ ಹತ್ರ ಮತ್ತೆ ಮಧ್ಯಕ್ಕೆ ಬರೋಕೆ ನೋಡುತ್ತೆ ಆದ್ರೆ ಪೂರ್ತಿ ಬರಲ್ಲ. ಚಿಕ್ಕವಯಸ್ಸಲ್ಲಿ ಬಾಲ್ ಬಡಿದಿದ್ದು, ರಕ್ತ ನಿಂತ ಮೇಲೆ ಯಾರೂ ಅದರ ಬಗ್ಗೆ ತಲೆ ಕೆಡಿಸ್ಕೊಳ್ಳಲಿಲ್ಲ. ಮೂಗಿನ ಮೂಳೆ ಮುರಿದ್ರೆ ಮೊದಲ ಒಂದೆರಡು ವಾರದೊಳಗೆ ಕುಯ್ಯದೇನೇ ಒತ್ತಿ ಜಾಗಕ್ಕೆ ಕೂರಿಸೋಕಾಗುತ್ತೆ, ಆಮೇಲೆ ಅದು ಸೊಟ್ಟಗಿದ್ರೆ ಸೊಟ್ಟಗೇ ಕೂಡ್ಕೊಳ್ಳುತ್ತೆ, ಹಂಗಾಗಿ ಮನೇಲಿ ಮಕ್ಕಳಿಗೆ ಮೂಗಿಗೆ ಜೋರಾಗಿ ಪೆಟ್ಟು ಬಿದ್ರೆ ಒಂದ್ಸಲ ತೋರಿಸ್ಬಿಡಿ. ಪೆಟ್ಟು ಬಿದ್ದ ಮೇಲೆ ಮೂಗು ಪೂರ್ತಿ ಕಟ್ಕೊಂಡು ನೋವು ಜಾಸ್ತಿ ಆಗ್ತಿದ್ರಂತೂ ಅವತ್ತೇ ಹೋಗ್ಬೇಕು, ಒಳಗೆ ರಕ್ತ ಗಟ್ಟಿಯಾಗಿ ಮೂಗಿನ ಗೋಡೆನೇ ಕೊಳೆತುಹೋಗ್ಬಹುದು.

ಈಗ ಆಪರೇಶನ್ ಮಾಡಿಸ್ಲಾ ಅಂತ ಯೋಚನೆ. ಕೇಳಿದವರೆಲ್ಲ ತಮ್ಮ ತಮ್ಮ ಮೂಗಿನ ನೇರಕ್ಕೆ ಮಾತಾಡ್ತಾರೆ (ಅವರದ್ದು ನೇರ ಇದೆ, ಮಾತಾಡ್ಲಿ ಬಿಡಿ). "ಚೆನ್ನಾಗೇ ಇದ್ಯಲ್ಲೋ, ಯಾರಿಗೂ ಕಾಣಲ್ಲ" ಅಂತ ಒಬ್ರು, "ಇಷ್ಟು ದಿನ ಯಾಕೆ ಸುಮ್ನಿದ್ದೆ" ಅಂತ ಇನ್ನೊಬ್ರು.

ಇಎನ್‌ಟಿ ಡಾಕ್ಟರ್ ಹತ್ರ ಹೋದಾಗ ಅವರು ಮೊದಲು ಮಾಡಿದ್ದು ತುಂಬಾ ಸಿಂಪಲ್ ಕೆಲಸ, ಒಂದು ತಣ್ಣನೆ ಸ್ಟೀಲ್ ಪಟ್ಟಿನ ಮೂಗಿನ ಕೆಳಗೆ ಹಿಡಿದು ಉಸಿರು ಬಿಡಿ ಅಂದ್ರು. ಪಟ್ಟಿ ಮೇಲೆ ಬಲಗಡೆ ಅಗಲವಾಗಿ ಆವಿ ಕೂತಿತ್ತು, ಎಡಗಡೆ ಉಗುರಷ್ಟು. ಆಮೇಲೆ ಎಡಗೆನ್ನೆನ ಬೆರಳಿಂದ ಪಕ್ಕಕ್ಕೆ ಎಳೆದು "ಈಗ ಉಸಿರು ತಗೊಳ್ಳಿ, ಸಲೀಸಾಯ್ತಾ?" ಅಂದ್ರು. ಆಯ್ತು. ಗಾಳಿ ಹೋಗೋ ಇಕ್ಕಟ್ಟು ಮೂಗಿನ ಮುಂಭಾಗದಲ್ಲಿದೆ ಅನ್ನೋಕೆ ಅದೊಂದು ಸುಳಿವಂತೆ. ಕ್ಯಾಮೆರಾ ಟ್ಯೂಬ್ ಹಾಕಿ ನೋಡಿದ ಮೇಲೆ ಕನ್ಫರ್ಮ್ ಆಯ್ತು, ಎರಡು ಹೊಳ್ಳೆ ಮಧ್ಯದ ಗೋಡೆ, ಸೆಪ್ಟಮ್ ಅಂತಾರಲ್ಲ, ಅದು ಎಡಕ್ಕೆ ಬೆಂಡಾಗಿದೆ. ಆ ಗೋಡೆ ಮುಂದುಗಡೆ ಮೆದುಮೂಳೆ, ಹಿಂದುಗಡೆ ಗಟ್ಟಿಮೂಳೆ.

ಒಂದು ವಿಷ್ಯ, ಒಂದು ಹೊಳ್ಳೆ ಕಟ್ಟಿ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಟ್ಟೋದು ಕಾಯಿಲೆ ಏನಲ್ಲ, ಹೆಚ್ಚಿನವರ ಮೂಗು ಕೆಲವು ಗಂಟೆಗೊಂದ್ಸಲ ಹಂಗೆ ಪಾಳಿ ಬದಲಾಯಿಸ್ತಾ ಇರುತ್ತೆ. ಯಾವಾಗ್ಲೂ ಒಂದೇ ಕಡೆ ಕಟ್ಟಿರುತ್ತೆ ಅಂದ್ರೆ ಮಾತ್ರ ಗೋಡೆ ಮೇಲೆ ಅನುಮಾನ ಪಡ್ಬೇಕು. ಅಲರ್ಜಿ ಇದ್ರೆ ಮೊದಲು ಸ್ಪ್ರೇ ಹಾಕಿ ನೋಡ್ತಾರೆ, ಯಾಕಂದ್ರೆ ಅಲರ್ಜಿ ಊತಕ್ಕೆ ಗೋಡೆ ನೆಟ್ಟಗೆ ಮಾಡಿದ್ರೆ ಏನೂ ಪ್ರಯೋಜನ ಇಲ್ಲ.

ಆಪರೇಶನ್ನಲ್ಲಿ ಎರಡು ಥರ. ಸೆಪ್ಟೋಪ್ಲಾಸ್ಟಿ ಅಂದ್ರೆ ಒಳಗಿನ ಗೋಡೆ ಮಾತ್ರ, ಉಸಿರಾಟ ಸುಧಾರಿಸುತ್ತೆ, ಹೊರಗಿನ ಶೇಪ್ ಸಾಮಾನ್ಯವಾಗಿ ಹಂಗೇ ಇರುತ್ತೆ. ಸೆಪ್ಟೋರೈನೋಪ್ಲಾಸ್ಟಿ ಅಂದ್ರೆ ಒಳಗೂ ಹೊರಗೂ, ಮೂಳೆನ ಬೇಕಂತಲೇ ಕತ್ತರಿಸಿ ಮತ್ತೆ ಕೂರಿಸೋದು. ನಾನು ಅಂದ್ಕೊಂಡಿದ್ದು, ಈಗ ಒಳಗಿಂದು ಮಾಡಿಸ್ಕೊಳ್ಳೋಣ, ಶೇಪ್ ಬಗ್ಗೆ ಐದಾರು ವರ್ಷ ಬಿಟ್ಟು ನೋಡೋಣ ಅಂತ. ಬುದ್ಧಿವಂತಿಕೆ ಥರಾನೇ ಕಾಣುತ್ತೆ ಅಲ್ವಾ? ಆದ್ರೆ ಇಲ್ಲೊಂದು ತೊಡಕಿದೆ. ಹೊರಗಿನ ಮೂಗು ನೆಟ್ಟಗೆ ನಿಲ್ಲಿಸೋಕೆ ಆಸರೆಯಾಗಿ ಮೆದುಮೂಳೆ ತುಂಡು ಬೇಕು, ಅದನ್ನ ಸರ್ಜನ್ನುಗಳು ಮೊದಲು ಹುಡುಕೋದೇ ಸೆಪ್ಟಮ್ಮಲ್ಲಿ. ಮೂಗು ಕುಸೀಬಾರದು ಅಂತ ಗೋಡೆಯ ಮೇಲಂಚು ಮತ್ತೆ ಮುಂದಂಚಲ್ಲಿ ಹತ್ರತ್ರ 1 ಸೆಂಟಿಮೀಟರ್ ಅಗಲ ಬಿಡಲೇಬೇಕು, ಮಿಕ್ಕಿದ್ದೇ ತೆಗೆಯೋಕೆ ಸಿಗೋದು. ಮೊದಲ ಆಪರೇಶನ್ನಲ್ಲಿ ಅದನ್ನ ತೆಗೆದು ಬಿಸಾಕಿದ್ರೆ ಎರಡನೇ ಸಲ ಕಿವಿಯಿಂದನೋ ಪಕ್ಕೆಲುಬಿಂದನೋ ತಗೋಬೇಕು. ಜೊತೆಗೆ ಒಳಗೆಲ್ಲ ಗಾಯದ ಕಲೆ ಇರೋದ್ರಿಂದ ಕೆಲಸನೂ ಕಷ್ಟ. ಅಂದ್ರೆ ಶೇಪ್ ಬೇಕಾ ಬೇಡ್ವಾ ಅನ್ನೋದನ್ನ ಮುಂದೂಡೋ ಹಂಗಿಲ್ಲ, ಈಗ್ಲೇ ತೀರ್ಮಾನ ಮಾಡ್ಬೇಕು.

ಸರಿ, ಹಂಗಾದ್ರೆ ಶೇಪ್ ನಂಗೆ ಎಷ್ಟು ಮುಖ್ಯ? "ಉಸಿರಾಟಕ್ಕೋಸ್ಕರ" ಅಂದ್ರೆ ಜನ ಹೂಂ ಅಂತಾರೆ, "ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕು" ಅಂದ್ರೆ ಮುಖ ಹಿಂಡ್ತಾರೆ. ನನಗಂತೂ ಎರಡೂ ಬೇಕು, ಅದರಲ್ಲಿ ನಾಚಿಕೆ ಪಡೋದೇನಿದೆ ಅಂತ ನಂಗೆ ಅರ್ಥ ಆಗಲ್ಲ. ಆದ್ರೆ ಸೆಲ್ಫಿ ನೋಡ್ಕೊಂಡು ತೀರ್ಮಾನ ಮಾಡ್ಬೇಡಿ. 2018ರಲ್ಲಿ ಬಂದ ಒಂದು ಲೆಕ್ಕಾಚಾರದ ಪ್ರಕಾರ 12 ಇಂಚು ದೂರದಿಂದ ತೆಗೆದ ಫೋಟೋದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30% ಅಗಲವಾಗಿ ಕಾಣುತ್ತೆ. ಕನ್ನಡಿಲಿ ಎಡಬಲ ಅದಲುಬದಲು ಬೇರೆ, ಅದೇ ಅಭ್ಯಾಸ ಆಗಿರೋದ್ರಿಂದ ಫೋಟೋದಲ್ಲಿ ಸೊಟ್ಟ ಇನ್ನೂ ಜಾಸ್ತಿ ಅನ್ಸುತ್ತೆ. ನಾನು ದೂರದಿಂದ ಬೇರೆಯವರ ಕೈಲಿ ತೆಗೆಸಿ ನೋಡಿದೆ, ಆದ್ರೂ ಸೊಟ್ಟನೇ 😀

ಫಿಲ್ಲರ್ (ಚರ್ಮದ ಕೆಳಗೆ ಇಂಜೆಕ್ಷನ್ನಲ್ಲಿ ತುಂಬಿಸೋ ಜೆಲ್) ಹಾಕಿಸ್ಕೊಂಡು ವಾಲಿದ್ದನ್ನ ಮರೆಮಾಚ್ಬಹುದು ಅಂತಾನೂ ಕೇಳಿದೆ, ಉಸಿರಾಟಕ್ಕೆ ಅದರಿಂದ ಏನೂ ಆಗಲ್ಲ, ಮೇಲಾಗಿ ಅಪರೂಪಕ್ಕೆ ಅದು ರಕ್ತನಾಳಕ್ಕೆ ಹೋಗಿ ಕಣ್ಣೇ ಹೋಗಿರೋದೂ ಉಂಟು. ಬೇಡಪ್ಪ.

ಇನ್ನು ಭಯದ ಮಾತು. ಜನರಲ್ ಅನಸ್ತೇಶಿಯಾ, ಮೂಗಿನ ಮೇಲೆ ಒಂದು ವಾರ ಪಟ್ಟಿ, ಕಣ್ಣಿನ ಸುತ್ತ ನೀಲಿ, ಬಾಯಲ್ಲೇ ಉಸಿರಾಡ್ಕೊಂಡು ಮಲಗೋದು, ಮೂಗು ಸೀಟೋ ಹಂಗಿಲ್ಲ, ಕೆಲವು ವಾರ ಕನ್ನಡಕದ ಭಾರನೂ ಮೂಗಿನ ಮೇಲೆ ಬೀಳ್ಬಾರದು (ನಾನು ಕನ್ನಡಕ ಇಲ್ದಿದ್ರೆ ಬಾಗಿಲಿಗೆ ಗುದ್ದೋನು). ಮೇಲಿನ ಮುಂದಿನ ಹಲ್ಲು ಸ್ವಲ್ಪ ದಿನ ಜೋಮು ಹಿಡಿದಂಗೆ ಇರ್ಬಹುದು. ಅಪರೂಪಕ್ಕೆ ಗೋಡೇಲಿ ತೂತಾಗಿ ಉಸಿರಾಡಿದ್ರೆ ಸಿಳ್ಳೆ ಬರುತ್ತೆ. ಊತ ಪೂರ್ತಿ ಇಳಿಯೋಕೆ ಒಂದು ವರ್ಷನೇ ಬೇಕು, ಅಲ್ಲೀವರೆಗೂ ಇದೇ ಕೊನೇ ಶೇಪ್ ಅಂತ ಹೇಳೋಕಾಗಲ್ಲ. ಎಲ್ಲಕ್ಕಿಂತ ತಲೆ ತಿನ್ನೋದು, ಬಾಗಿದ ಮೆದುಮೂಳೆ ಹಠಮಾರಿ ಮಗು ಇದ್ದಂಗೆ, ನೆಟ್ಟಗೆ ಮಾಡಿದ್ರೂ ನಿಧಾನಕ್ಕೆ ಹಳೇ ಕಡೆಗೇ ತಿರುಗೋಕೆ ನೋಡುತ್ತೆ. ಅದಕ್ಕೇ ಆಸರೆ ತುಂಡು ಇಟ್ಟು ಹೊಲಿಯೋದು. "ಸುಧಾರಿಸುತ್ತೆ, ಸ್ಕೇಲ್ ಇಟ್ಟಂಗೆ ಆಗುತ್ತೆ ಅಂತ ಮಾತ್ರ ಅಂದ್ಕೋಬೇಡಿ, ಮುಖದ ಎರಡು ಭಾಗನೂ ಯಾರಿಗೂ ಒಂದೇ ಥರ ಇರಲ್ಲ" ಅಂತ ಡಾಕ್ಟರ್ ಅಂದ್ರು. ನೂರಕ್ಕೆ ನೂರು ಗ್ಯಾರಂಟಿ ಅಂದಿದ್ರೆ ನಾನು ಅಲ್ಲಿಂದ ಎದ್ದು ಬರ್ತಿದ್ದೆ.

ಸದ್ಯಕ್ಕೆ ಮನಸ್ಸು ಒಂದೇ ಸಲ ಎರಡೂ ಮಾಡಿಸ್ಕೊಳ್ಳೋ ಕಡೆ ವಾಲಿದೆ. ಅದಕ್ಕೂ ಮುಂಚೆ ಎರಡೂ ಮಾಡೋ ಇನ್ನೊಬ್ಬ ಸರ್ಜನ್ ಹತ್ರ ಕೇಳೋಣ ಅಂತಿದ್ದೀನಿ, ತುಂಡು ಎಲ್ಲಿಂದ ತಗೋತೀರಾ, ಮತ್ತೆ ವಾಲಿದ್ರೆ ಏನ್ಮಾಡ್ತೀರಾ, ನಿಮ್ಮ ಹಳೇ ಸೊಟ್ಟ ಮೂಗಿನ ಪೇಷೆಂಟುಗಳ ಒಂದು ವರ್ಷದ ನಂತರದ ಫೋಟೋ ತೋರಿಸ್ತೀರಾ ಅಂತ. ಮಾಡಿಸ್ಕೊಂಡವರು ಯಾರಾದ್ರೂ ಇದನ್ನ ಓದ್ತಿದ್ರೆ ಇನ್ನೇನು ಕೇಳ್ಬೇಕು ಹೇಳಿ.