ಇಂಗ್ಲೆಂಡಲ್ಲಿ ಡಾಕ್ಟರ್ ಫ್ರೀ, ಆದ್ರೆ ಹೆಂಗಸಿನ ನೋವು ನಂಬೋರು ಬೇಕಲ್ಲ

ಊರಿಂದ ಫೋನ್ ಮಾಡಿದೋರೆಲ್ಲ "ನಿಂಗೇನಮ್ಮ, ಅಲ್ಲಿ ಆಸ್ಪತ್ರೆ ಎಲ್ಲಾ ಫ್ರೀ" ಅಂತಾರೆ. ವೀಸಾ ಮಾಡಿಸುವಾಗ್ಲೇ ದೊಡ್ಡೋರಿಗೆ ತಲಾ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿಸ್ಕೊಳ್ತಾರೆ, ಆದ್ರೂ ದುಡ್ಡಿನ ಬಗ್ಗೆ ನನ್ನ ತಕರಾರಿಲ್ಲ. ಹೆಂಗಸು ನೋವು ಅಂದ್ರೆ ಇಲ್ಲೂ ಯಾರೂ ಬೇಗ ನಂಬಲ್ಲ, ಅದೇ ನನ್ನ ಸಂಕಟ.

ನನ್ನ ಫ್ರೆಂಡ್ ಒಬ್ಬಳಿಗೆ ಎಂಡೊಮೆಟ್ರಿಯೋಸಿಸ್, ಅಂದ್ರೆ ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೆ ಬೆಳೆಯೋ ಕಾಯಿಲೆ. ಮುಟ್ಟಾದ್ರೆ ಸಾಕು, ಆಫೀಸ್ ಟಾಯ್ಲೆಟ್ಟಲ್ಲಿ ಹೊಟ್ಟೆ ಹಿಡ್ಕೊಂಡು ನೆಲದ ಮೇಲೆ ಕೂತ್ಬಿಡೋಳು, ಜಿಪಿ, ಅಂದ್ರೆ ಇಲ್ಲಿ ಏನೇ ಆದ್ರೂ ಮೊದಲು ತೋರಿಸೋ ಫ್ಯಾಮಿಲಿ ಡಾಕ್ಟರ್, ಅವರ ಹತ್ರ ಹೋದಾಗೆಲ್ಲ ಪ್ಯಾರಾಸಿಟಮಾಲ್ ತಗೊಳ್ಳಿ ಸ್ಟ್ರೆಸ್ ಕಮ್ಮಿ ಮಾಡ್ಕೊಳ್ಳಿ ಅಂತ ಕಳಿಸೋರು, ಆಮೇಲೆ ಸ್ಕ್ಯಾನ್ ನಾರ್ಮಲ್ ಬಂತು ಅಂತ ಫೈಲೇ ಮುಚ್ಚಿದ್ರು. ಈ ಕಾಯಿಲೆ ಮಾಮೂಲಿ ಸ್ಕ್ಯಾನಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ! ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರೋ ಕಾಯಿಲೆ ಇದು, ಆದ್ರೂ ಇದೇ ಅಂತ ಗೊತ್ತಾಗೋಕೆ ಇಲ್ಲಿ ಸರಾಸರಿ 8 ವರ್ಷ 10 ತಿಂಗಳು ಹಿಡಿಯುತ್ತೆ ಅಂತ ಎಂಡೊಮೆಟ್ರಿಯೋಸಿಸ್ ಯುಕೆ ಸಂಸ್ಥೆ 2024ರಲ್ಲಿ ಹೇಳಿತ್ತು. 2021ರಲ್ಲಿ ಹೆಂಗಸರ ಆರೋಗ್ಯದ ಬಗ್ಗೆ ಸರ್ಕಾರವೇ ಅಭಿಪ್ರಾಯ ಕೇಳಿದಾಗ ಹತ್ರ ಹತ್ರ ಒಂದು ಲಕ್ಷ ಜನ ಬರೆದ್ರು, ಅದರಲ್ಲಿ 84% ಜನ ಡಾಕ್ಟರು ನರ್ಸುಗಳು ನಮ್ಮ ಮಾತು ಕೇಳಿಸ್ಕೊಳ್ಳದೇ ಇದ್ದದ್ದುಂಟು ಅಂದ್ರು.

ಇಂಗ್ಲಿಷ್ ಬರೋ ಇಲ್ಲಿನವರ ಪಾಡೇ ಹೀಗಂದ್ರೆ ಗಂಡನ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಬಂದಿರೋ ನಮ್ಮ ಹುಡುಗೀರ ಕಥೆ ಏನು ಹೇಳಿ. ಒಬ್ಬಳ ಜೊತೆ ನಾನೇ ಹೋಗಿದ್ದೆ. ಎಷ್ಟು ದಿನ ಬ್ಲೀಡಿಂಗ್ ಆಗುತ್ತೆ ಅಂತ ಡಾಕ್ಟರ್ ಕೇಳಿದ್ದು ಅವಳನ್ನ, "ನಾಲ್ಕೈದು ದಿನ" ಅಂತ ಉತ್ತರ ಕೊಟ್ಟಿದ್ದು ಗಂಡ. ಅವಳು ತಲೆ ತಗ್ಗಿಸಿ ದುಪಟ್ಟಾ ಅಂಚು ಸುತ್ತುತ್ತಾ ಕೂತಿದ್ಲು. ಹೊರಗೆ ಬಂದ್ಮೇಲೆ "ಅಕ್ಕಾ, ಮೂರು ವಾರದಿಂದ ನಿಂತೇ ಇಲ್ಲ" ಅಂದ್ಲು. ಆ ಗಂಡ ಕೆಟ್ಟೋನಲ್ಲ, ಆದ್ರೆ ಅವನ ಮುಂದೆ ಅವಳಿಗೆ ಬಾಯಿ ಬರಲ್ಲ, ಡಾಕ್ಟರೂ ಅವಳ ಕಡೆ ತಿರುಗಿ ಇನ್ನೊಂದ್ಸಲ ಕೇಳ್ಲಿಲ್ಲ.

ಇಲ್ಲಿಗೆ ಬರೋ ತಂಗಿಯರಿಗೆ ಹೇಳಿ, ಅಪಾಯಿಂಟ್ಮೆಂಟ್ ತಗೊಳ್ಳುವಾಗ್ಲೇ ಕನ್ನಡ ಇಂಟರ್‌ಪ್ರಿಟರ್ ಬೇಕು ಅನ್ನಿ, ಅದಕ್ಕೆ ದುಡ್ಡಿಲ್ಲ. ಲೇಡಿ ಡಾಕ್ಟರ್ ಬೇಕು ಅಂತಾನೂ ಕೇಳಬಹುದು. 2025ರಿಂದ ಜೆಸ್ ರೂಲ್ ಅಂತ ಬಂದಿದೆ, ಒಂದೇ ತೊಂದರೆಗೆ ಮೂರು ಸಲ ಹೋದ್ರೂ ಏನಂತ ಗೊತ್ತಾಗ್ದಿದ್ರೆ ಜಿಪಿ ಮೊದಲಿಂದ ಯೋಚ್ನೆ ಮಾಡ್ಬೇಕು. ಜೆಸಿಕಾ ಬ್ರೇಡಿ ಅನ್ನೋ ಹುಡುಗಿ ಇಪ್ಪತ್ತಕ್ಕೂ ಹೆಚ್ಚು ಸಲ ಜಿಪಿಯನ್ನ ಕೇಳ್ಕೊಂಡು, ಕೊನೆಗೆ 27ನೇ ವಯಸ್ಸಿಗೆ ಕ್ಯಾನ್ಸರಲ್ಲಿ ತೀರ್ಕೊಂಡ್ಲು, ಅವಳ ಹೆಸರಲ್ಲೇ ಬಂದಿದ್ದು ಇದು.

ನಮ್ಮ ಹುಡುಗಿ ಮುಂದಿನ ಸಲ ಇಂಟರ್‌ಪ್ರಿಟರ್ ಇಟ್ಕೊಂಡು ಎಲ್ಲಾ ಹೇಳಿದ್ಲು, ಅವತ್ತೇ ರಕ್ತ ತಗೊಂಡ್ರು, ಹಿಮೋಗ್ಲೋಬಿನ್ ತುಂಬಾ ಇಳಿದಿತ್ತು. ಈಗ ಗೈನಕಾಲಜಿ ವೇಟಿಂಗ್ ಲಿಸ್ಟಲ್ಲಿದ್ದಾಳೆ.