ಹೆಗ್ಗೋಡಿನ ಬಟ್ಟೆ ಹುಡುಕಿ ಹೊರಟವರಿಗೆ

ಶಿವಮೊಗ್ಗ ಕಡೆ ‘ಇದು ಹೆಗ್ಗೋಡಿಂದು’ ಅಂದರೆ ಕೈಮಗ್ಗದ ಬಟ್ಟೆ ಅಂತ ಗೊತ್ತಾಗಿಬಿಡುತ್ತದೆ. ಊರಿಗೂ ಬಟ್ಟೆಗೂ ಒಂದೇ ಹೆಸರು. ಆದರೆ ಹೆಗ್ಗೋಡಿನಲ್ಲಿ ಬಸ್ಸಿಳಿದು ಮಗ್ಗ ಹುಡುಕಿದರೆ ಕಾಣುವುದು 1949ರಿಂದ ನಾಟಕ ಕಟ್ಟುತ್ತಿರುವ ನೀನಾಸಂ. ಬಟ್ಟೆ ನೇಯುವ ಸಂಘ ‘ಚರಕ’ ಇರುವುದು ಪಕ್ಕದ ಭೀಮನಕೋಣೆಯಲ್ಲಿ. ಆಟೋದವರಿಗೆ ಆ ಹೆಸರನ್ನೇ ಹೇಳಿ.

ಬೆಂಗಳೂರಿಂದ ಬರುವವರಿಗೆ ತಾಳಗುಪ್ಪದ ರಾತ್ರಿ ರೈಲು ಅನುಕೂಲ. ಟಿಕೆಟ್ ಮಾಡಿಸುವಾಗ ‘ಸಾಗರ ಜಂಬಗಾರು’ ಅಂತ ನೋಡಿ. ಮಧ್ಯಪ್ರದೇಶದಲ್ಲೂ ಒಂದು ಸಾಗರ್ ಇದೆ! ಸಾಗರ ಪೇಟೆಯಿಂದ ಹೆಗ್ಗೋಡು ಸುಮಾರು 8 ಕಿ.ಮೀ.

ದೀಪಾವಳಿ ಕಳೆದ ಮೇಲೆ ಬನ್ನಿ. ಮಳೆಗಾಲದಲ್ಲಿ ಬಣ್ಣ ಹಾಕಿದ ನೂಲು ಒಣಗುವುದೇ ಕಷ್ಟ, ಉಂಬಳದ (ಜಿಗಣೆಯ) ಕಾಟ ಬೇರೆ. ಅಡಿಕೆ ಕೊಯ್ಲಿನ ಹೊತ್ತಾದರೆ ಇನ್ನೂ ಒಳ್ಳೆಯದು. ದಾರಿಯಲ್ಲಿ ಅಡಿಕೆ ಬೇಯಿಸುವ ಹಂಡೆಗಳು ಕಾಣುತ್ತವೆ. ಬೇಯಿಸಿ ಉಳಿದ ನೀರು, ಅಂದರೆ ಚೊಗರೇ ಇಲ್ಲಿನ ಬಣ್ಣ. ಅದಕ್ಕೆ ಸುಣ್ಣ ತಾಗಿದರೆ ಕೆಂಪಗಾಗುತ್ತದೆ. ಎಲೆಯಡಿಕೆ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾ? ಕಬ್ಬಿಣ ಸೇರಿದರೆ ಕಪ್ಪಿಗೆ ತಿರುಗುತ್ತದೆ. ದಾಳಿಂಬೆ ಸಿಪ್ಪೆಯಿಂದ ಹಳದಿ. ಜಾಸ್ತಿ ಜನ ಮಳಿಗೆಗೆ ನುಗ್ಗಿ ಜುಬ್ಬಾ ಕೊಂಡು ವಾಪಸ್ ಹೊರಡುತ್ತಾರೆ. ನನ್ನನ್ನು ಕೇಳಿದರೆ, ಮೊದಲು ಬಣ್ಣದ ಕೆಲಸ ನೋಡಿ. ಆಮೇಲೆ ಬೆಲೆ ದುಬಾರಿ ಅನ್ನಿಸುವುದಿಲ್ಲ.

ಚರಕ ಮಹಿಳೆಯರ ಸಹಕಾರ ಸಂಘ. ರಂಗನಿರ್ದೇಶಕ ಪ್ರಸನ್ನ 1990ರ ದಶಕದಲ್ಲಿ ಶುರುಮಾಡಿಸಿದ್ದು. ಮಗ್ಗದ ಮುಂದೆ ಕೂತವರು ಸುತ್ತಲಿನ ಹಳ್ಳಿಗಳ ಹೆಂಗಸರು. ಅವರ ಕೆಲಸದ ಹೊತ್ತದು, ಫೋಟೋ ತೆಗೆಯುವ ಮೊದಲು ಕೇಳಿ. ರಜೆ ದಿನ ಹೋದರೆ ಮಗ್ಗ ಸುಮ್ನೆ ನಿಂತಿರುತ್ತದೆ, ಹಾಗಾಗಿ ಫೋನ್ ಮಾಡಿಕೊಂಡೇ ಹೊರಡಿ.

ಇಲ್ಲಿ ಜಮಖಾನ ಕೇಳುವವರೂ ಇದ್ದಾರೆ. ಅದಕ್ಕೆ ಧಾರವಾಡ ಜಿಲ್ಲೆಯ ನವಲಗುಂದಕ್ಕೇ ಹೋಗಬೇಕು. ಅಲ್ಲಿ ಹೆಸರಿನ ಗೊಂದಲವಿಲ್ಲ. ನವಲಗುಂದ ಜಮಖಾನ ನೇಯುವುದು ನವಲಗುಂದದಲ್ಲೇ, ಅದೂ ಹೆಂಗಸರೇ. ಪಗಡೆ ಹಾಸು, ನವಿಲಿನ ಚಿತ್ತಾರಕ್ಕೆ ಹೆಸರಾದ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಸಾಗರದಿಂದ ಹೋದರೆ ಒಂದೇ ದಿನದಲ್ಲಿ ಎರಡೂ ಆಗುವುದಿಲ್ಲ, ಬೇರೆಯಾಗಿಯೇ ಯೋಜನೆ ಹಾಕಿ.

ಮಧ್ಯಾಹ್ನದ ಮೇಲೆ ಹೊತ್ತು ಉಳಿದರೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಬಹುದು. ಜೋಗವನ್ನೂ ಇದೇ ದಿನಕ್ಕೆ ತುರುಕಬೇಡಿ. ಕೊಂಡ ಬಟ್ಟೆಯನ್ನು ಮೊದಲ ಸಲ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ.