31ನೇ ಸಿಸ್ಟೀನಿನ ತುದಿಯ ಉಬ್ಬು

2025 ಮಾರ್ಚ್ 14, ಶುಕ್ರವಾರ, ರಾತ್ರಿ

ಸಂಜೆ ಬಫರ್ ಬೆರೆಸುವ ಹೊತ್ತಿಗೆ ಬಂದ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ. "ಎಲ್ಲ ಪ್ರೋಟೀನಿಗೂ ಡಿಟಿಟಿ ಹಾಕ್ತೀವಿ, ಇದೊಂದಕ್ಕೆ ಯಾಕೆ ಬೇಡ?"

ನಾವು ಹರಳಿಗೆ ಎಕ್ಸ್-ರೇ ಹಾಯಿಸಿ ನೋಡಬೇಕೆಂದಿರುವ ಗಂಧಕದ ಪರಮಾಣುವನ್ನೇ ಡಿಟಿಟಿ (ಗಂಧಕ-ಗಂಧಕ ಬಂಧ ಮುರಿಯುವ ರಾಸಾಯನಿಕ) ಕಿತ್ತುಹಾಕುತ್ತದೆ, ಅದಕ್ಕೆ.

ಬಿಸಿ, ಆಮ್ಲೀಯ ನೀರಿನ ಸೂಕ್ಷ್ಮಜೀವಿ ಅಸಿಡಿಯಾನಸ್ ಆಂಬಿವಾಲೆನ್ಸ್‌ನ ಸಲ್ಫರ್ ಆಕ್ಸಿಜನೇಸ್ ರಿಡಕ್ಟೇಸ್ ಎಂಬ, ಗಂಧಕವನ್ನು ಪರಿವರ್ತಿಸುವ ಕಿಣ್ವವೇ ನಮ್ಮ ಪ್ರೋಟೀನ್; ಅದರ ರಚನೆ 2006ರಲ್ಲೇ ಹೊರಬಂತು. 24 ಘಟಕಗಳ ಟೊಳ್ಳು ಗೋಳ. ಘಟಕಕ್ಕೊಂದು ಕಬ್ಬಿಣ, ಅದನ್ನು ಹಿಡಿದಿರುವುದು ಮೂರು ಅಮೈನೊ ಆಮ್ಲಗಳು (ಸಂಖ್ಯೆ ಸರಪಳಿಯಲ್ಲಿನ ಸ್ಥಾನ): ಹಿಸ್ಟಿಡಿನ್ 86, ಹಿಸ್ಟಿಡಿನ್ 90, ಗ್ಲುಟಮೇಟ್ 114. ಪಕ್ಕದಲ್ಲೇ ಗಂಧಕವಿರುವ ಅಮೈನೊ ಆಮ್ಲ ಸಿಸ್ಟೀನ್ 31, ಅದರ ಗಂಧಕದ ಮೇಲೆ ಇನ್ನೊಂದು ಗಂಧಕ. ಪರ್‌ಸಲ್ಫೈಡ್. ಸಿಸ್ಟೀನ್ 101, 104 ಬದಲಿಸಿದರೆ ಕಿಣ್ವ ಮಂದವಾಗುತ್ತದೆ. 31 ಬದಲಿಸಿದರೆ ಸತ್ತೇಹೋಗುತ್ತದೆ. ಇಡೀ ಗೋಳದ ಕೆಲಸ ಆ ತುದಿಯ ಮೇಲೆ ನಿಂತಿದೆ.

ಡಿಟಿಟಿ ಬಿದ್ದರೆ ಹೊರಗಿನ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೋಗುತ್ತದೆ, ಉಳಿಯುವುದು ಬೋಳು ಸಿಸ್ಟೀನ್. ಡಿಟಿಟಿಯ ಬದಲು ಬಳಸುವ ಟಿಸಿಇಪಿ ಗಂಧಕವನ್ನು ತನ್ನ ಫಾಸ್ಫರಸ್ ಮೇಲೇ ಎಳೆದುಕೊಳ್ಳುತ್ತದೆ. ಮರ್ಕ್ಯಾಪ್ಟೋಎಥನಾಲ್ ಇನ್ನೂ ಅಪಾಯ: ತಾನೇ ಸಿಸ್ಟೀನಿಗೆ ಅಂಟಿಕೊಂಡು, ಎಕ್ಸ್-ರೇಯಿಂದ ಮಾಡುವ ಇಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಪರ್‌ಸಲ್ಫೈಡಿನ ಹಾಗೇ ಕಾಣುತ್ತದೆ. ಎರಡರಲ್ಲೂ ಗಂಧಕ-ಗಂಧಕ ದೂರ ಸುಮಾರು 2.05 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ). ಮರ್ಕ್ಯಾಪ್ಟೋಎಥನಾಲಿನ ಬಾಲದ ಕಾರ್ಬನ್‌ಗಳು ಅಲುಗಾಡುತ್ತಿದ್ದರೆ ಸಾಂದ್ರತೆಯಲ್ಲಿ ಮೂಡುವುದೇ ಇಲ್ಲ. ಆದ್ದರಿಂದ ಮೂರೂ ಬೇಡ. ಆಮ್ಲಜನಕದಿಂದ ಕಾಪಾಡಬೇಕಾದರೆ ಬಫರಿಗೆ ಆರ್ಗಾನ್ ಹಾಯಿಸಿ, ಮುಚ್ಚಿಟ್ಟು, ಬೇಗ ಮುಗಿಸಬೇಕು.

ನಕ್ಷೆಯಲ್ಲಿ ಸಿಸ್ಟೀನಿನ ತುದಿಗೆ ಉಬ್ಬು ಕಂಡರೂ ತಕ್ಷಣ ಗಂಧಕ ಅನ್ನಬಾರದು. ಉತ್ಕರ್ಷಿಸಿದ ಸಿಸ್ಟೀನಿನಲ್ಲೂ ಉಬ್ಬು ಇರುತ್ತದೆ, ಆದರೆ ಅಲ್ಲಿ ಗಂಧಕ-ಆಮ್ಲಜನಕ ದೂರ 1.5ರಿಂದ 1.7ರ ಒಳಗೆ. 1.7 ಆಂಗ್‌ಸ್ಟ್ರಾಮ್ ಸ್ಫುಟತೆಯ (ಸಂಖ್ಯೆ ಚಿಕ್ಕದಾದಷ್ಟೂ ವಿವರ ಹೆಚ್ಚು) ದತ್ತಾಂಶದಲ್ಲಿ ವ್ಯತ್ಯಾಸ ಕಾಣುತ್ತದೆ, 2.8ರಲ್ಲಿ ನಮ್ಮ ಆಸೆಯೇ ಕಾಣುತ್ತದೆ. ದ್ರವ್ಯರಾಶಿ ಅಳೆದು ತೀರ್ಮಾನಿಸೋಣ ಅಂದರೆ ಅಲ್ಲೂ ಬಲೆ. ಒಂದು ಗಂಧಕ 31.972 ಡಾಲ್ಟನ್ (ಪರಮಾಣು ತೂಕದ ಮಾನ), ಎರಡು ಆಮ್ಲಜನಕ 31.990. ಇಡೀ ಘಟಕ 35 ಸಾವಿರ ಡಾಲ್ಟನ್ ದಾಟುವಾಗ ಈ 0.018 ಎಲ್ಲಿ ಸಿಗುತ್ತದೆ? ಪ್ರೋಟೀನನ್ನು ಕತ್ತರಿಸಿ, 1500 ಡಾಲ್ಟನ್ ಆಸುಪಾಸಿನ ಪೆಪ್ಟೈಡ್ ತೆಗೆದು ಅಳೆದರೆ 12 ಪಿಪಿಎಂ (ಹತ್ತು ಲಕ್ಷದಲ್ಲಿ 12 ಭಾಗ) ಅಂತರ. ಒಳ್ಳೆಯ ಯಂತ್ರಕ್ಕೆ ಸಾಕು. ಕತ್ತರಿಸುವ ವಿಧಾನದಲ್ಲೂ ಡಿಟಿಟಿ ಬರೆದಿರುತ್ತಾರೆ! ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕು.

ಕಬ್ಬಿಣದ ಮಾತು. ಈ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸುವಾಗ ಫೆರಿಕ್ ಸಿಟ್ರೇಟ್ 100 ಮೈಕ್ರೋಮೋಲಾರ್ ಕೊಡದಿದ್ದರೆ ಅರ್ಧ ಜಾಗ ಖಾಲಿ ಉಳಿಯಬಹುದು. 70 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿದರೆ ಆತಿಥೇಯದ ಪ್ರೋಟೀನ್ ಬಹುಪಾಲು ಮೊಸರಿನಂತೆ ಒಡೆದು ತಳಕ್ಕಿಳಿಯುತ್ತದೆ, ನಮ್ಮದು ಮೇಲಿನ ತಿಳಿಯಲ್ಲೇ. ಆಮೇಲೆ ಪ್ರೋಟೀನ್ ಶುದ್ಧಮಾಡುವ ನಿಕಲ್ ಕಾಲಂಗೆ ಹಾಕಿದರೆ ಸೋರಿದ ನಿಕಲ್ ಆ ಜಾಗ ಹಿಡಿಯುವ ಭಯ. ಎಕ್ಸ್-ರೇ ಶಕ್ತಿಯನ್ನು ಕಬ್ಬಿಣ ಎಕ್ಸ್-ರೇಯನ್ನು ಹೆಚ್ಚು ಹೀರತೊಡಗುವ 7.11 ಕೆಇವಿ ಅಂಚಿನ ಮೇಲೊಮ್ಮೆ, ಕೆಳಗೊಮ್ಮೆ ಇಟ್ಟು ಅಳೆದರೆ ಕಬ್ಬಿಣವೋ ಅಲ್ಲವೋ ಗೊತ್ತಾಗುತ್ತದೆ.

ಚಟುವಟಿಕೆ ಅಳೆಯುವ ಬಫರ್ ಬಗ್ಗೆ ಒಂದೇ ಮಾತು: ಟ್ರಿಸ್‌ನ ಪಿಎಚ್ (ಆಮ್ಲತೆಯ ಅಳತೆ) ಬಿಸಿ ಏರಿದಂತೆ ಡಿಗ್ರಿಗೆ 0.028ರಂತೆ ಇಳಿಯುತ್ತದೆ. 25 ಡಿಗ್ರಿಯಲ್ಲಿ 7.4 ಇಟ್ಟದ್ದು 85 ಡಿಗ್ರಿಯಲ್ಲಿ 5.7.

ಮತ್ತೆ ಆ ಉಬ್ಬಿನ ಯೋಚನೆಯೇ. ಎಕ್ಸ್-ರೇ ಮೊದಲು ಮುರಿಯುವುದೇ ಗಂಧಕ-ಗಂಧಕ ಬಂಧವನ್ನು. ದತ್ತಾಂಶದ ಮೊದಲ ತುಂಡನ್ನೂ ಕೊನೆಯ ತುಂಡನ್ನೂ ಬೇರೆಬೇರೆ ನಕ್ಷೆ ಮಾಡಿ ಹೋಲಿಸಬೇಕು. ಮೊದಲ ತುಂಡಿನಲ್ಲೇ ಆಕ್ಯುಪೆನ್ಸಿ (ಗಂಧಕ ಕೂತಿರುವ ಜಾಗಗಳ ಪಾಲು) 0.6 ಬಂದರೆ? ಹರಳು ತೋರಿಸುವುದು ಸರಾಸರಿಯನ್ನು. ಪ್ರತಿ ಗೋಳದಲ್ಲೂ ಸುಮಾರು 14 ಘಟಕಗಳಿಗೆ ಗಂಧಕ ಸಿಕ್ಕಿದೆಯೋ, ಇಲ್ಲ ಕೆಲವು ಗೋಳ ಪೂರ್ತಿ ತುಂಬಿ ಕೆಲವು ಪೂರ್ತಿ ಖಾಲಿಯೋ, ಅದು ಹೇಳುವುದಿಲ್ಲ.